ಸೌದೆ ಲೆಕ್ಕಕ್ಕಿಲ್ಲ

ಮೊನ್ನೆ ಬಚ್ಚಲೊಲೆಗೆ ತೆಂಗಿನ ಹಸಿ ಮಡಲು ತುರುಕಿದೆ. ಕಣ್ಣುರಿಸುವ ಆ ಹೊಗೆ ಮೂಗಿಗೆ ಬಡಿದದ್ದೇ ತಡ, ತೆಕ್ಕಟ್ಟೆಯ ನಮ್ಮ ನೆರೆಮನೆಯ ಮಾಸ್ಟ್ರು ನೆನಪಾದರು. ನೆನಪಾಗಬೇಕಾದ್ದು ಅವರ ಹೆಂಡತಿ. ಆದರೆ ನೆನಪಿನಲ್ಲಿಯೂ ತಾವೇ ಮುಂದೆ ಬಂದು ಕೂರುವ ಜನ ಈ ಮಾಸ್ಟ್ರು…

ವಿಜ್ಞಾನ ಕಲಿಸಿ ನಿವೃತ್ತರಾದವರು. ಎರಡು ಸಾವಿರದ ಐದಾರರ ಸುಮಾರಿಗೆ ಎಲ್ಲರಿಗೂ ಜೈವಿಕ ಇಂಧನದ ಹುಚ್ಚು ಹಿಡಿದು ಆಮೇಲೆ ಬಿಟ್ಟಿತು, ಇವರನ್ನು ಮಾತ್ರ ಬಿಡಲಿಲ್ಲ. ಸಂಜೆಯಾದರೆ ಅವರ ಜಗಲಿಯಲ್ಲಿ ನನಗೆ ಪಾಠ. ಬ್ರೆಜಿಲಿನ ಕಾರು ಕಬ್ಬಿನ ಸ್ಪಿರಿಟ್ಟಿನಲ್ಲಿ ಓಡುತ್ತದೆ, ಅಮೆರಿಕದವರು ಮೆಕ್ಕೆಜೋಳದಿಂದ ತೆಗೆಯುತ್ತಾರೆ, ಜರ್ಮನಿಯವರದು ಸಾಸಿವೆ ಜಾತಿಯ ಎಣ್ಣೆ. ಯಾವ ದೇಶ ವರ್ಷದಿಂದ ವರ್ಷಕ್ಕೆ ಎಷ್ಟು ಹೆಚ್ಚು ಉರಿಸುತ್ತಿದೆ ಎಂಬುದೆಲ್ಲ ಬಾಯಿಪಾಠ. ನಮ್ಮ ದೇಶ ಮಾತ್ರ ಪಟ್ಟಿಯ ಕೊನೆಯಲ್ಲಿ. ಅದನ್ನು ಹೇಳುವಾಗ ನಾನೇ ಫೇಲಾದವನೆಂಬಂತೆ ನೋಡುತ್ತಿದ್ದರು.

ಬೈಂದೂರಿನಿಂದ ಬ್ರಹ್ಮಾವರದವರೆಗೆ ನಮ್ಮಂಥವರ ಮನೆಗಳಿಗೆಲ್ಲ ಗ್ಯಾಸ್ ಬಂದಿತ್ತು. ಇವರ ಮನೆಗೆ ಬರಲಿಲ್ಲ. ಪೆಟ್ರೋಲಿನ ಸಂತತಿಯನ್ನು ಒಳಗೆ ಬಿಡುವುದಿಲ್ಲವಂತೆ; ಬೇಲಿಗೆ ನೆಟ್ಟ ಹೊಂಗೆ ಕಾಯಿ ಬಿಟ್ಟ ಮೇಲೆ ಅದರ ಎಣ್ಣೆಯಲ್ಲೇ ಒಲೆ ಉರಿಯಬೇಕಂತೆ. ಅಲ್ಲಿಯವರೆಗೆ ಅವರ ಹೆಂಡತಿ, ಆ ಅಮ್ಮ, ಮಡಲು, ಕರಟ, ತೆಂಗಿನ ಸಿಪ್ಪೆ ಹಾಕಿ ಒಲೆ ಊದಿದರು. ಊದಿದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು. ಹೊಗೆ ತಪ್ಪಿಸದಿದ್ದರೆ ಶ್ವಾಸಕೋಶ ಉಳಿಯುವುದಿಲ್ಲ ಎಂದು ಕುಂದಾಪುರದ ಡಾಕ್ಟರು ಮಾಸ್ಟ್ರಿಗೇ ಹೇಳಿದ್ದರು. ಇನ್ನೆರಡು ವರ್ಷದಲ್ಲಿ ಹೊಂಗೆ ಕಾಯಿ ಬಿಡುತ್ತದೆ ಎಂದು ಈ ಪುಣ್ಯಾತ್ಮ ಡಾಕ್ಟರಿಗೇ ಸಮಾಧಾನ ಹೇಳಿ ಬಂದರು.

ಒಂದು ಸಂಜೆ ಚಹಾ ಇಟ್ಟು ಒಳಹೋಗುವಾಗ ಆ ಅಮ್ಮ ಬಾಗಿಲಲ್ಲಿ ನಿಂತು ಕೇಳಿದರು, “ಹ್ವಾಯ್, ನಾ ದಿನಾ ಒಲಿಗ್ ಹಾಕುದ್ ಲೆಕ್ಕಕ್ಕಿಲ್ಯಾ?”

ಮಾಸ್ಟ್ರು ನಕ್ಕರು. “ಅದ್ ಇಂಧನ ಅಲ್ಲ ಮಾರಾಯ್ತಿ, ಸೌದಿ.”

ನಾನೂ ನಕ್ಕೆ. ಆ ಅಮ್ಮ ಊದಿ ಕಾಯಿಸಿದ ಚಹಾ ಕುಡಿಯುತ್ತಲೇ ನಕ್ಕೆ.

ಮರುವರ್ಷದ ಮಳೆಗಾಲದಲ್ಲಿ ಉಸಿರು ಸಾಲದೆ ಆ ಅಮ್ಮ ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜ ಮುಗಿದು ಕೆಲವು ತಿಂಗಳಾದ ಮೇಲೆ ಮಾಸ್ಟ್ರು ಪೇಪರ್ ಹಿಡಿದು ನಮ್ಮ ಮನೆಗೆ ಬಂದರು. ಸೌದೆ, ಸೆಗಣಿ, ತೆಂಗಿನ ಸಿಪ್ಪೆ ಎಲ್ಲವೂ ಜೈವಿಕ ಇಂಧನವೇ, ಅವನ್ನು ಸೇರಿಸಿದರೆ ನಮ್ಮ ದೇಶ ಪಟ್ಟಿಯ ಮೇಲ್ಭಾಗದಲ್ಲಿದೆ ಎಂದು ಯಾರೋ ಬರೆದಿದ್ದರು.

“ಸೌದಿಯೂ ಲೆಕ್ಕಕ್ಕಿತ್ತಂಬ್ರ್…” ಎಂದರು. ಇದನ್ನು ಈಗ ಯಾರಿಗೆ ಹೇಳುತ್ತಿದ್ದೀರಿ ಎಂದು ಕೇಳಬೇಕೆನಿಸಿತು.

ಈಗ ಮಾಸ್ಟ್ರೂ ಇಲ್ಲ. ಅವರ ಹೊಂಗೆ ಬೇಲಿಯ ತುಂಬ ಕಾಯಿ ಉದುರಿಸುತ್ತದೆ, ಹೆಕ್ಕುವವರಿಲ್ಲ. ಅವರ ಮೇಲಿನ ತಾತ್ಸಾರ ನನ್ನಲ್ಲಿ ಇನ್ನೂ ಆರಿಲ್ಲ. ಆದರೆ ಅಂದು ಬಾಗಿಲಲ್ಲಿ ನಿಂತವರಿಗೆ ‘ಲೆಕ್ಕಕ್ಕಿದೆ’ ಎಂದು ನಾನೊಬ್ಬನಾದರೂ ಹೇಳಬಹುದಿತ್ತು. ಹೇಳಲಿಲ್ಲ.