ಅರಿಶಿನ ಬಣ್ಣದ ಕಟ್ಟಡ

ತುಳಸಿಮಣಿ ಮೊದಲ ಸಲ ನಮ್ಮ ಮನೆಯ ಬಾಗಿಲು ತಟ್ಟಿದ್ದು ಭೂಪಟ ತೂಗುಹಾಕುವ ಕೋಲು ಕೇಳಿಕೊಂಡು. ಸಿಂಗಾನಲ್ಲೂರಿನ ನಮ್ಮ ಬೀದಿಗೆ ಆಕೆ ಬಾಡಿಗೆಗೆ ಬಂದು ಇನ್ನೂ ವಾರವೂ ಆಗಿರಲಿಲ್ಲ. ಕಂಕುಳಲ್ಲಿ ಚಾಪೆಯಷ್ಟು ದಪ್ಪದ ಕಾಗದದ ಸುರುಳಿ, ಕೈಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು.

“ನೀವು ಇಸ್ಕೂಲ್ ವಾದ್ಯಾರಂತಲ್ರೀ. ಹಳೇ ಮ್ಯಾಪಿನ ಕೋಲು ಎಲ್ಲಾದ್ರೂ ಬಿದ್ದಿದ್ರೆ ಕೊಡ್ರೀ, ಪುಣ್ಯ ಬರ್ತದೆ.”

ಕೋಲು ಸಿಕ್ಕಿತು. ಅಳತೆ ನೋಡಲೆಂದು ಸುರುಳಿಯನ್ನು ಅಲ್ಲೇ ನೆಲದ ಮೇಲೆ ಬಿಡಿಸಿದಳು. ಅದರ ತುಂಬ ಪೆನ್ಸಿಲಿನಲ್ಲಿ ಬರೆದ ಚೌಕಗಳು, ಚೌಕದಿಂದ ಚೌಕಕ್ಕೆ ಹರಿದ ಬಾಣಗಳು, ಒರೆಸಿ ಒರೆಸಿ ಕಪ್ಪಾದ ಜಾಗಗಳು.

“ಇದ್ಯಾವ ಊರಿನ ನಕ್ಷೆ ಅಮ್ಮಣಿ?”

“ಊರಲ್ರೀ, ಪ್ರೋಗ್ರಾಂ. ಯಾವ ತುಂಡು ಯಾವುದನ್ನ ಕರೀತದೆ, ಯಾವುದು ಕೆಟ್ರೆ ಯಾವುದು ಮಲಗ್ತದೆ ಅಂತ ಬರ್ದಿದೀನಿ. ಇದೆಲ್ಲ ಇರೋದು ನನ್ನೊಬ್ಬಳ ತಲೇಲಿ. ನಾಳೆ ನನಗೆ ಜ್ವರ ಬಂದ್ರೆ ಆಫೀಸಿಗೇ ಜ್ವರ.”

“ಎಷ್ಟು ದಿನ ಬಾಳ್ತದೆ ಈ ನಕ್ಷೆ?”

“ಬರೋ ಮಂಗಳವಾರದ ತನಕ!” ಎಂದು ನಕ್ಕಳು. “ಅಷ್ಟರಲ್ಲಿ ಯಾರಾದ್ರೂ ಏನಾದ್ರೂ ತಿದ್ದಿರ್ತಾರೆ. ನಾನು ಮತ್ತೆ ರಬ್ಬರು ಹಿಡ್ಕೊಂಡು ಕೂತ್ಕೊಬೇಕು.”

ಆಕೆಯ ಕೆಲಸ ಪೀಳಮೇಡಿನಲ್ಲಿ, ದಂಡಪಾಣಿ ಎಂಬುವರ ಚಿಕ್ಕ ಕಂಪನಿಯಲ್ಲಿ. ನೂಲಿನ ಗಿರಣಿಗಳಿಗೆ ಪ್ರೋಗ್ರಾಂ ಬರೆದು ಕೊಡುವುದು ಅವರ ಕಸುಬು. ಯಾವ ಕಡೆಯ ಹತ್ತಿಯ ಮೂಟೆ, ಅವರ ಮಾತಿನಲ್ಲಿ ಬೇಲು, ಬಂತು, ಯಾವುದನ್ನು ಯಾವುದರೊಡನೆ ಬೆರೆಸಬೇಕು, ಹಾಗೆ ಬೆರೆಸಿ ನೂತ ನೂಲಿಗೆ ಯಾವ ಲಾಟು ನಂಬರು ಕೊಡಬೇಕು, ಇವೆಲ್ಲವನ್ನೂ ಆ ಪ್ರೋಗ್ರಾಮೇ ನೋಡಿಕೊಳ್ಳುತ್ತಿತ್ತು. ತುಳಸಿಮಣಿಯ ತಾಯಿ ಮೂವತ್ತು ವರ್ಷ ಗಿರಣಿಯಲ್ಲಿ ನಿಂತು ನೂಲು ಸುತ್ತಿದವರು. ಹತ್ತಿಯ ಧೂಳು ಕೂದಲಲ್ಲಿ ಅಂಟಿಸಿಕೊಂಡು ಸಂಜೆ ಮನೆಗೆ ಬರುತ್ತಿದ್ದ ತಾಯಿಯನ್ನು ಕಂಡು ಬೆಳೆದ ಮಗಳಿಗೆ ಗಿರಣಿ ಎಂದರೆ ಪುಸ್ತಕದ ವಿಷಯವಲ್ಲ. ಬೇರೆಯವರು ಮೂರು ದಿನ ಹುಡುಕುವ ತಪ್ಪನ್ನು ಆಕೆ ಒಂದು ಲೋಟ ಕಾಫಿ ಆರುವುದರೊಳಗೆ ಹಿಡಿಯುತ್ತಿದ್ದಳಂತೆ.

ಆ ಆಫೀಸಿನಲ್ಲಿ ಆಕೆಯೇ ಶುರು ಮಾಡಿದ ಒಂದು ರೂಢಿಯಿತ್ತು. ಯಾರು ಯಾವ ದಿನ ಯಾವ ಸಾಲು ಬರೆದರೆಂಬುದನ್ನು ಕಂಪ್ಯೂಟರು ತಾನೇ ಗುರುತಿಟ್ಟುಕೊಳ್ಳುತ್ತದೆ. ದಂಡಪಾಣಿಯವರೋ ಸಿಡುಕಿನ ಮನುಷ್ಯ. ತಪ್ಪಿನ ಎದುರು ಹೊಸಬರ ಹೆಸರು ಕಂಡರೆ ಎಲ್ಲರ ಮುಂದೆ ನಿಲ್ಲಿಸಿ ಬಯ್ದು ಅಳಿಸುತ್ತಿದ್ದರು. ಅದನ್ನು ನೋಡಲಾರದೆ ತುಳಸಿಮಣಿ ಹೊಸಬರ ಕಿವಿಯಲ್ಲಿ ಹೇಳುತ್ತಿದ್ದಳು: “ಮೊದಲ ಆರು ತಿಂಗಳು ನನ್ನ ಲಾಗಿನ್ನಲ್ಲೇ ಬರೀರಿ ಕಣ್ರಪ್ಪಾ. ಬೈಗುಳ ನನಗಿರ್ಲಿ, ಕೆಲಸ ನಿಮಗೆ ಬರ್ಲಿ.” ದಂಡಪಾಣಿಯವರಿಗೆ ಇದು ತಿಳಿಯದು. ತಿಳಿದವರು ಯಾರೂ ಬಾಯಿ ಬಿಡರು. ಹಾಗೆ ಆಕೆಯ ಹೆಸರಿನ ನೆರಳಿನಲ್ಲಿ ಬೆಳೆದು ಹೋದವರು ಏಳೆಂಟು ಮಂದಿ. ಹೋಗದೆ ಉಳಿದವಳು ಕೋಕಿಲಾ ಒಬ್ಬಳೇ.

ಕೋಕಿಲಾ ಧಾರಾಪುರದ ಹುಡುಗಿ. ಬಂದ ಹೊಸತರಲ್ಲಿ ಹಾಸ್ಟೆಲಿನ ಅನ್ನ ಸೇರದೆ ಒಣಗಿದ್ದಳಂತೆ. ತುಳಸಿಮಣಿ ಅಂದಿನಿಂದ ದೊಡ್ಡ ಡಬ್ಬಿ ತರತೊಡಗಿದಳು. ಅಕ್ಕಿ ಬೇಳೆ ಒಟ್ಟಿಗೆ ಬೇಯಿಸಿದ ಅನ್ನ, ಮೇಲೆ ತುಪ್ಪ, ಮಗ್ಗುಲಲ್ಲಿ ಸುಟ್ಟ ಹಪ್ಪಳ. ಎಂಟು ವರ್ಷ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡರು. ಒಂಟಿ ಹೆಂಗಸಾದ ತುಳಸಿಮಣಿಗೆ ಅವಳು ತಂಗಿಯ ಹಾಗೆ. ನಮ್ಮ ಮನೆಗೂ ಕರೆದುಕೊಂಡು ಬಂದಿದ್ದಳು. “ನೋಡ್ರೀ ವಾದ್ಯಾರೇ, ನನ್ನ ಶಿಷ್ಯೆ. ನನ್ನನ್ನೇ ಮಾರಿ ಬರ್ತಾಳೆ, ಅಷ್ಟು ಜಾಣೆ” ಎಂದಾಗ ಮೂವರೂ ನಕ್ಕಿದ್ದೆವು.

ಪೆನ್ಸಿಲು ರಬ್ಬರಿನಿಂದ ಬೇಸತ್ತು ತುಳಸಿಮಣಿ ಒಂದು ಸಾಹಸಕ್ಕೆ ಕೈ ಹಾಕಿದಳು. ಪ್ರೋಗ್ರಾಮನ್ನು ತಾನೇ ಓದಿ, ತಾನೇ ನಕ್ಷೆ ಬರೆಯುವ ಇನ್ನೊಂದು ಪ್ರೋಗ್ರಾಂ. ಒಂದು ವರ್ಷದ ಶನಿವಾರಗಳೆಲ್ಲ ಅದಕ್ಕೇ ಹೋದವು. ಅದು ಬರೆಯುತ್ತಿದ್ದ ಚಿತ್ರ ಥೇಟ್ ಒಂದು ಊರಿನಂತೆಯೇ ಇತ್ತು. ಪ್ರೋಗ್ರಾಮಿನ ಸಾಲುಗಳಿಗೆ ಕೋಡು ಎನ್ನುತ್ತಾರೆ; ಆ ಕೋಡಿನ ಒಂದೊಂದು ತುಂಡಿಗೆ ಒಂದೊಂದು ಕಟ್ಟಡ. ಕೋಡು ಉದ್ದವಾದಷ್ಟೂ ಕಟ್ಟಡ ಎತ್ತರ. ಒಂದು ತುಂಡು ಇನ್ನೊಂದನ್ನು ಕರೆದರೆ ನಡುವೆ ರಸ್ತೆ. ಹೆಚ್ಚು ಸಲ ಕರೆದರೆ ರಸ್ತೆ ಅಗಲ. ಯಾರೂ ಕರೆಯದ ಹಳೆಯ ತುಂಡುಗಳು ಊರಾಚೆ ಪಾಳುಮನೆಗಳಂತೆ ಬಿದ್ದಿರುತ್ತಿದ್ದವು. ಬೆಳಿಗ್ಗೆ ಯಾರಾದರೂ ಒಂದು ಸಾಲು ತಿದ್ದಿದರೆ ಮಧ್ಯಾಹ್ನಕ್ಕೆ ಊರು ತಾನಾಗಿ ಹೊಸದಾಗುತ್ತಿತ್ತು. ಅದಕ್ಕೆ ‘ಊರು’ ಎಂದೇ ಹೆಸರಿಟ್ಟಳು.

ದಂಡಪಾಣಿಯವರು ಅದನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರಂತೆ. “ಹದಿನೈದು ವರ್ಷದಿಂದ ಈ ಕಂಪನಿ ನಡಿಸ್ತಿದೀನಿ ಅಮ್ಮಣಿ, ನಾನು ಏನು ಮಾರ್ತಿದೀನಿ ಅಂತ ಇವತ್ತು ಕಂಡೆ. ಬರೋ ಆಯುಧಪೂಜೆಗೆ ಗಿರಣಿ ವಿಭಾಗಕ್ಕೆ ನೀವೇ ಯಜಮಾನ್ರು.” ಸಂಬಳಕ್ಕಿಂತ ಹೆಚ್ಚಾಗಿ ಆ ಮಾತು ಆಕೆಗೆ ಬೇಕಿತ್ತು. ಗಿರಣಿಯಲ್ಲಿ ತಾಯಿಯನ್ನು ಕೊನೆಯತನಕ ‘ಏಯ್, ನೂಲಮ್ಮಾ’ ಎಂದೇ ಕೂಗಿದ್ದರು. ಮಗಳ ಹೆಸರಾದರೂ ಒಂದು ಬಾಗಿಲಿನ ಮೇಲೆ ಬರಲಿ ಎಂಬ ಆಸೆ.

ಆಗಸ್ಟ್ ಹನ್ನೊಂದು ತಾಯಿಯ ತಿಥಿ. ಅಂದು ಡಬ್ಬಿಯಲ್ಲಿ ವಡೆ ಪಾಯಸ ಇತ್ತು. ತಿನ್ನುತ್ತಾ ಕೋಕಿಲಾ ಹೇಳಿದಳು: “ಅಕ್ಕಾ, ಊರು ಚೆನ್ನಾಗಿದೆ, ಆದ್ರೆ ಬೋಳು ಬೋಳು. ಯಾವ ಕಟ್ಟಡ ಯಾರು ಕಟ್ಟಿದ್ದು ಅಂತ ಬಣ್ಣದಲ್ಲಿ ತೋರ್ಸಿದ್ರೆ?”

“ಯಾಕೇ, ನಿನ್ನ ಹೆಸರು ಮಿಂಚಬೇಕಾ?”

“ನನ್ನದೇನು ಬಿಡಿ. ನೀವು ಎಷ್ಟು ದುಡಿದಿದೀರ ಅಂತ ಸಾರ್ ಕಣ್ತುಂಬ ನೋಡ್ಲಿ ಅಂತ.”

ತುಳಸಿಮಣಿ ಹಿಗ್ಗಿದಳು. ಎರಡೇ ದಿನದಲ್ಲಿ ಬಣ್ಣ ಹಚ್ಚಿದಳು. ತನಗೆ ಅರಿಶಿನ, ಕೋಕಿಲಾಗೆ ನೀಲಿ, ಮಿಕ್ಕವರಿಗೆ ಮಿಕ್ಕ ಬಣ್ಣ. ತನ್ನ ಹೆಸರಿನಲ್ಲಿ ಬರೆದದ್ದೆಲ್ಲ ತನ್ನ ಬಣ್ಣದಲ್ಲೇ ಬರುವುದೆಂದು ಆಕೆಗೆ ಗೊತ್ತಿತ್ತು. ಗೊತ್ತಿದ್ದೂ ಅದರಲ್ಲಿ ಕೇಡೇನಿದೆ ಎಂದು ತೋಚಲಿಲ್ಲ.

ಮರುವಾರ ಸೋಮವಾರದ ಸಭೆ. ದಂಡಪಾಣಿಯವರ ಮುಖ ಕೆಂಪೇರಿತ್ತು. ತಿರುಪ್ಪೂರಿನ ಬನಿಯನ್ ಕಾರ್ಖಾನೆಯೊಂದು ಗಿರಣಿಯ ಮೇಲೆ, ಗಿರಣಿ ಇವರ ಮೇಲೆ ಬಿದ್ದಿತ್ತು. ಬಣ್ಣ ಹಾಕಿದ ಬಟ್ಟೆಯಲ್ಲಿ ಉದ್ದಕ್ಕೂ ಪಟ್ಟೆ ಎದ್ದಿದೆ. ಎರಡು ಬಗೆಯ ಹತ್ತಿಯ ನೂಲು ಒಂದೇ ನಂಬರಿನಲ್ಲಿ ಹೋಗಿದೆ. ಅಪರೂಪಕ್ಕೆ ಪಾಳಿಯ ನಡುವೆ ಬೇಲು ಮುಗಿದು ಬೇರೆ ಬಗೆಯದು ಬಂದರೆ ಹೊಸ ನಂಬರು ಕೊಡಬೇಕಾದ ಕೋಡು ಹಳೆಯದನ್ನೇ ಮುಂದುವರಿಸಿತ್ತು. ಅವರು ಗೋಡೆಯ ಮೇಲೆ ‘ಊರು’ ತೆರೆದು, ಆ ಕಟ್ಟಡದ ಮೇಲೆ ಬೆರಳಿಟ್ಟರು. ಅಡಿಯಿಂದ ಮುಡಿಯವರೆಗೆ ಅರಿಶಿನ.

ಆ ತುಂಡನ್ನು ಬರೆದವಳು ಕೋಕಿಲಾ, ಮೊದಲ ವರ್ಷ, ತುಳಸಿಮಣಿಯ ಲಾಗಿನ್ನಿನಲ್ಲಿ.

“ಬಣ್ಣ ನನ್ನದು ಸಾರ್, ಕೈ ನನ್ನದಲ್ಲ” ಎಂದಳು ತುಳಸಿಮಣಿ.

“ಹಾಗಾದ್ರೆ ಯಾರ್ದು?”

ಆಕೆ ಕೋಕಿಲಾ ಕಡೆ ನೋಡಿದಳು. ಹೆಸರು ತಾನು ಹೇಳಬಾರದು, ಅವಳೇ ಹೇಳಬೇಕು. ಆ ರೂಢಿಯ ಮರ್ಯಾದೆ ಅದು. ಕೋಕಿಲಾ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ಆಮೇಲೆ ತಲೆಯೆತ್ತಿ, ಗೋಡೆಯನ್ನು ನೋಡುತ್ತಾ, ಮೆಲ್ಲಗೆ ಹೇಳಿದಳು:

“ಮನುಷ್ಯರು ಮರೀತಾರೆ, ಊರು ಮರೆಯಲ್ಲ ಅಂತ ಅಕ್ಕಾನೇ ಹೇಳ್ತಿದ್ರು ಸಾರ್.”

ಯಾರೋ ಕಿಸಕ್ಕನೆ ನಕ್ಕರು.

ತಪ್ಪು ತಿದ್ದುವ ಕೆಲಸವೂ ಆಕೆಗೇ ಬಂತು. ಅರಿಶಿನ ಬಣ್ಣ ಆಕೆಯದಲ್ಲವೇ! ತಿದ್ದಲೆಂದು ಗಿರಣಿಯ ದೂರಿನ ಕಡತ ತರಿಸಿಕೊಂಡಳು. ಮೊದಲ ಪತ್ರದ ಮೂಲೆಯಲ್ಲಿ ‘ಸ್ವೀಕರಿಸಿದೆ’ ಎಂಬ ರುಜು ಕೋಕಿಲಾಳದು, ತಾರೀಕು ಆಗಸ್ಟ್ ಎರಡು. ಪಾಯಸ ಉಣ್ಣುತ್ತಾ ಬಣ್ಣ ಕೇಳಿದ್ದು ಹನ್ನೊಂದರಂದು. ನಡುವೆ ಒಂಬತ್ತು ದಿನ. ಅಷ್ಟು ದಿನವೂ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡಿದ್ದರು. ಬಯಲಲ್ಲಿ ಬಿದ್ದ ಏಟು ಆಕೆಗೆ ಅಷ್ಟು ನೋಯಲಿಲ್ಲ. ಆ ಒಂಬತ್ತು ದಿನದ ಊಟಗಳು ನೋಯಿಸಿದವು.

ಅಂದು ಮಧ್ಯಾಹ್ನ ಡಬ್ಬಿ ತೆಗೆಯದೆಯೇ ಕೇಳಿದಳು. “ಎರಡನೇ ತಾರೀಕೇ ಗೊತ್ತಿತ್ತಲ್ಲ ನಿನಗೆ?”

ಕೋಕಿಲಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಮೆಲ್ಲಗೆ ಅಕ್ಕಾ. ನಿಮ್ಮನ್ನ ಸಾರ್ ಕೆಲಸದಿಂದ ತೆಗೆಯಲ್ಲ. ನಾಕು ಮಾತು ಬೈತಾರೆ, ಅಷ್ಟೆ. ನಾನಾಗಿದ್ರೆ ಸಂಜೆಯೊಳಗೆ ಮನೆಗೆ ಕಳಿಸ್ತಿದ್ರು. ಬೈಗುಳ ನನಗಿರ್ಲಿ ಅಂದೋರು ನೀವೇ ತಾನೆ?”

“ಅಂದೆ. ಆರು ತಿಂಗಳಿಗೆ ಅಂದೆ, ಆಯುಸ್ಸಿಗೆ ಅನ್ಲಿಲ್ಲ.”

“ಈಗೇನು, ಸಾರ್ ಹತ್ರ ಹೇಳ್ತೀರಾ?”

ಹೇಳಿದಳು. ಅಂದೇ ಹೋಗಿ ಎಲ್ಲವನ್ನೂ ಹೇಳಿದಳು. ದಂಡಪಾಣಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಸಿಟ್ಟು ಇಳಿದು ಬೇರೇನೋ ಏರಿತ್ತು.

“ಅಂದ್ರೆ ಇಷ್ಟು ವರ್ಷ ಯಾರ ತಪ್ಪಿಗೆ ಯಾರನ್ನ ಬೈದೆ ಅಂತಾನೇ ನನಗೆ ಗೊತ್ತಿಲ್ಲ. ನನ್ನ ಕಣ್ಣಿಗೆ ಮಣ್ಣೆರಚಿದೋರು ನೀವು ಅಮ್ಮಣಿ. ಆ ಹುಡುಗಿ ಬರೆದದ್ದು ಒಂದು ತಪ್ಪು ಕೋಡು. ನೀವು ನನಗೆ ತೋರಿಸಿದ್ದು ಇಡೀ ಸುಳ್ಳು ಊರು.”

ಆಯುಧಪೂಜೆಯ ದಿನ ಯಂತ್ರಗಳಿಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಗಿರಣಿ ವಿಭಾಗವನ್ನು ಕೋಕಿಲಾಗೆ ಕೊಟ್ಟರು. ‘ಊರು’ ಕಂಪನಿಯ ಸ್ವತ್ತು. ಅದೂ ಆ ವಿಭಾಗದೊಂದಿಗೇ ಹೋಯಿತು. ಎಲ್ಲರಿಗೂ ಹಂಚಿದ ಕಡಲೆಪುರಿ ಸಕ್ಕರೆಯನ್ನು ತುಳಸಿಮಣಿಯೂ ತೆಗೆದುಕೊಂಡು, ತನ್ನ ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಮನೆಗೆ ಬಂದಳು. ಮರುದಿನ ರಾಜೀನಾಮೆ ಕಳಿಸಿದಳು. ನಮ್ಮ ಜಗಲಿಯ ಮೇಲೆ ಕುಳಿತು ಅಂದು ಆಡಿದ್ದು ಒಂದೇ ಮಾತು: “ಅವಳಿಗೆ ಹೆಸರು ಬೇಕಿದ್ರೆ ಕೇಳಬಹುದಿತ್ತಲ್ರೀ. ಕೊಡದೆ ಇರ್ತಿದ್ನಾ?”

ಕೋಕಿಲಾ ತನಗೆ ಮದುವೆಯಾಗಿ ಮಗುವಾದ ಮೇಲೆ ಒಮ್ಮೆ ಬಂದಳು, ಮಗಳ ಕಿವಿ ಚುಚ್ಚುವ ಶಾಸ್ತ್ರದ ಕರೆಯೋಲೆ ಹಿಡಿದು, ತಟ್ಟೆಯಲ್ಲಿ ವೀಳ್ಯದೆಲೆ ಹಣ್ಣು ಇಟ್ಟುಕೊಂಡು. “ಅಕ್ಕಾ, ನೀವು ಬಂದು ಅಕ್ಷತೆ ಹಾಕ್ಲೇಬೇಕು. ಅಮ್ಮ ಕೇಳ್ತಿದಾರೆ” ಎಂದಳು. ತುಳಸಿಮಣಿ ನೀರು ಕೊಟ್ಟಳು, ತಟ್ಟೆ ತೆಗೆದುಕೊಂಡಳು, ಮಗುವಿನ ಹೆಸರು ಕೇಳಿ ಒಳ್ಳೆಯದಾಗಲಿ ಎಂದಳು. ಶಾಸ್ತ್ರಕ್ಕೆ ಹೋಗಲಿಲ್ಲ.

ಈಗ ಆಕೆ ಸೋಮನೂರಿನ ಒಂದು ಗಿರಣಿಯಲ್ಲಿದ್ದಾಳೆ. ಗಿರಣಿ ಕೊಂಡ ಪ್ರೋಗ್ರಾಂ ಸರಿಯಾಗಿದೆಯೇ ಎಂದು ಪರೀಕ್ಷಿಸುವುದು ಕೆಲಸ. ಆ ಪ್ರೋಗ್ರಾಂ ಬರುವುದು ದಂಡಪಾಣಿಯವರ ಕಂಪನಿಯಿಂದಲೇ. ತಿಂಗಳಿಗೊಮ್ಮೆ ಹೊಸ ತಿದ್ದುಪಡಿ ಬರುತ್ತದೆ, ಕೆಳಗೆ ಕೋಕಿಲಾಳ ಹೆಸರಿರುತ್ತದೆ. ತುಳಸಿಮಣಿ ಅದನ್ನು ಗಿರಣಿಯ ಹಳೆಯ ಹದಿನಾರು ಪಾಳಿಗಳ ಲೆಕ್ಕದ ಮೇಲೆ ಓಡಿಸಿ ನೋಡುತ್ತಾಳೆ. ಬೇಲು ನಡುವೆ ಮುಗಿಯುವ ಪಾಳಿಗಳನ್ನು ಎರಡೆರಡು ಸಲ ಓಡಿಸುತ್ತಾಳೆ. ಸರಿಯಿದ್ದರೆ ಸರಿ ಎಂದೂ ತಪ್ಪಿದ್ದರೆ ಎಲ್ಲಿ ತಪ್ಪೆಂದೂ ಬರೆದು ಕಳಿಸುತ್ತಾಳೆ. ಕೋಪಕ್ಕೆ ಒಂದು ತಪ್ಪನ್ನು ಹೆಚ್ಚಿಸಿದ್ದೂ ಇಲ್ಲ, ಹಳೆಯ ಋಣಕ್ಕೆ ಒಂದನ್ನು ಬಿಟ್ಟದ್ದೂ ಇಲ್ಲ. ಕೋಕಿಲಾ ಫೋನು ಮಾಡಿದರೆ ಎತ್ತುವುದಿಲ್ಲ. ಏನಿದ್ದರೂ ಬರೆದು ಕಳಿಸಿ ಎಂದು ಉತ್ತರ ಹಾಕುತ್ತಾಳೆ. ಈ ತಿಂಗಳ ತಿದ್ದುಪಡಿ ಮೊನ್ನೆ ಬಂದಿದೆಯಂತೆ. ಒಂಬತ್ತು ಪಾಳಿ ಮುಗಿದಿವೆ, ಇನ್ನೂ ಏಳು ಬಾಕಿ ಇವೆ.