ಈ ವಾರದ ಹತ್ತು ಹಾಡು

ಮೊನ್ನೆ ತಂಗಿಯ ಮಗಳು ಕಾರಿನಲ್ಲಿ ಕೂತವಳೇ ಮೊಬೈಲ್ ಒತ್ತಿ, "ಈ ವರ್ಷದ ಸೂಪರ್ ಹಿಟ್ಸ್ ಮಾವ, ಐವತ್ತು ಹಾಡು" ಎಂದಳು. ಮೂಡಿಗೆರೆ ದಾಟುವಷ್ಟರಲ್ಲಿ ಹನ್ನೆರಡು ಹಾಡು ಮುಗಿದಿದ್ದವು. ನನಗೆ ಒಂದೂ ಗೊತ್ತಿರಲಿಲ್ಲ. ಇವನ್ನೆಲ್ಲ ಆರಿಸುವವರು ಯಾರು ಎಂದು ಕೇಳಿದೆ. ಯಾರೂ ಇಲ್ಲ, ಜಾಸ್ತಿ ಜನ ಕೇಳಿದ್ದು ತಾನಾಗಿಯೇ ಮೇಲೆ ಬರುತ್ತದೆ ಎಂದಳು. ಒಂದು ಕಾಲದಲ್ಲಿ ಆ ಕೆಲಸ ನನ್ನದಾಗಿತ್ತು, ನೀವು ನಂಬುತ್ತೀರೋ ಇಲ್ಲವೋ.

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ನಾನು ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಎಸ್ಟೇಟುಗಳಿಂದ ಬಂದ ಪಾರ್ಚ್‌ಮೆಂಟ್ ಕಾಫಿಯ ಸಿಪ್ಪೆ ಬಿಡಿಸಿ, ಬೀಜ ವಿಂಗಡಿಸುವ ಜಾಗ ಅದು. ಉದ್ದನೆಯ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು ಕಪ್ಪು ಬೀಜ, ಒಡೆದ ಬೀಜ ಆರಿಸುತ್ತಿದ್ದರು. ಅವರಿಗೆ ಬೇಸರವಾಗದಿರಲೆಂದು ಮ್ಯಾನೇಜರು ಒಂದು ಟೇಪ್‌ರೆಕಾರ್ಡರ್ ತರಿಸಿ, ಅದರ ಉಸ್ತುವಾರಿಯನ್ನು ನನಗೆ ವಹಿಸಿದರು. ಪ್ರತಿ ಶನಿವಾರ ಎಲ್ಲರನ್ನೂ ಕೇಳಿ, ಹೆಚ್ಚು ಮಂದಿ ಹೇಳಿದ ಹತ್ತು ಸಿನಿಮಾ ಹಾಡುಗಳನ್ನು ಒಂದು ಕ್ಯಾಸೆಟ್ಟಿಗೆ ತುಂಬಿಸುತ್ತಿದ್ದೆ. ಸೋಮವಾರ ಹತ್ತನೆಯದರಿಂದ ಶುರುವಾಗಿ ಒಂದನೆಯದು ಬರುವ ಹೊತ್ತಿಗೆ ಬೀಜ ಆರಿಸುವ ಕೈಗಳೂ ಒಂದು ಗಳಿಗೆ ನಿಲ್ಲುತ್ತಿದ್ದವು. ಕ್ಯಾಸೆಟ್ಟಿನ ಮೇಲೆ 'ಆಯ್ಕೆ' ಎಂದು ಬರೆದು, ನನ್ನ ಹೆಸರನ್ನು ಹಾಡುಗಳ ಹೆಸರಿಗಿಂತ ದಪ್ಪಗೆ ಬರೆಯುತ್ತಿದ್ದೆ. ಹಾಡಲು ಬಾರದವನಿಗೆ ಸಂಗೀತದಲ್ಲಿ ಸಿಕ್ಕ ಏಕೈಕ ಅಧಿಕಾರ ಅದು. ಚೆನ್ನಾಗಿಯೇ ಚಲಾಯಿಸಿದೆ.

ಗಿರಿಜಮ್ಮ ಮಲ್ಲಂದೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು. ಅವರ ಜಾಗ ಕೊನೆಯ ಸಾಲಿನಲ್ಲಿ, ಸಿಪ್ಪೆ ಬಿಡಿಸುವ ಯಂತ್ರದ ಪಕ್ಕದಲ್ಲಿ. ಅಲ್ಲಿ ಕೂತರೆ ಯಂತ್ರ ಎದೆಯೊಳಗೇ ಓಡಿದಂತಾಗುತ್ತಿತ್ತು. ಪ್ರತಿ ಶನಿವಾರ ಅವರು ಹೇಳುತ್ತಿದ್ದುದು ಒಂದೇ ಹಾಡು, ಯಾವುದೋ ಕಪ್ಪು-ಬಿಳುಪು ಸಿನಿಮಾದ ಜೋಗುಳ. ಅದಕ್ಕೆ ಬೀಳುತ್ತಿದ್ದುದೂ ಒಂದೇ ಓಟು. ಒಬ್ಬರಿಗೋಸ್ಕರ ಪಟ್ಟಿ ಬದಲಾಯಿಸಲು ಆಗುವುದಿಲ್ಲ ಎಂದು ನಾನು ನ್ಯಾಯಾಧೀಶನಂತೆ ಹೇಳುತ್ತಿದ್ದೆ. ಉಳಿದ ಹೆಂಗಸರು ನಗುತ್ತಿದ್ದರು. ಗಿರಿಜಮ್ಮನೂ ನಕ್ಕು, ಮುಂದಿನ ಶನಿವಾರ ಮತ್ತೆ ಅದನ್ನೇ ಹೇಳುತ್ತಿದ್ದರು.

ಒಂದು ದಿನ ಪೇಪರಿನಲ್ಲಿ ಸುತ್ತಿದ ಹೊಸ ಖಾಲಿ ಕ್ಯಾಸೆಟ್ ತಂದು ನನ್ನ ಮೇಜಿನ ಮೇಲಿಟ್ಟರು. ಎಲ್ಲರಿಗೂ ಹಾಕುವುದು ಬೇಡ, ನನಗೊಬ್ಬಳಿಗೆ ಆ ಹಾಡು ತುಂಬಿಸಿಕೊಡಿ, ಮನೆಯಲ್ಲಿ ಕೇಳುತ್ತೇನೆ ಎಂದರು.

"ಸ್ವಲ್ಪ ಬೇಗ ಆದ್ರೆ ಒಳ್ಳೇದು ರೈಟರ್ರೇ."

ಬೇಗ ಯಾಕೆ ಎಂದು ನಾನು ಕೇಳಲಿಲ್ಲ. ಆ ಹಾಡು ನಮ್ಮ ಮನೆಯಲ್ಲೇ ಇತ್ತು, ಅಮ್ಮನ ಕ್ಯಾಸೆಟ್ಟುಗಳ ನಡುವೆ. ಐದು ನಿಮಿಷದ ಕೆಲಸ. ನಾಳೆ ಮಾಡಿದರಾಯಿತು ಎಂದುಕೊಂಡೆ. ಹೀಗೆ ಎರಡು ವಾರ ಕಳೆಯಿತು. ಆಮೇಲೊಂದು ಶನಿವಾರ ಪಟ್ಟಿಯ ಹಾಡು ತುಂಬಿಸಲು ಬೇರೆ ಖಾಲಿ ಕ್ಯಾಸೆಟ್ ಸಿಗದೆ ಅವರದ್ದನ್ನೇ ಉಪಯೋಗಿಸಿಬಿಟ್ಟೆ. ಸೋಮವಾರ ಅದು ಶೆಡ್ಡಿನಲ್ಲಿ ಮೊಳಗುವಾಗ ಗಿರಿಜಮ್ಮ ತಲೆ ಎತ್ತಲಿಲ್ಲ. ಗೊತ್ತಾಗಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅಲ್ಲಿಂದಾಚೆಗೆ ಶನಿವಾರ ಅವರು ಯಾವ ಹಾಡನ್ನೂ ಹೇಳಲಿಲ್ಲ. ಸ್ವಲ್ಪ ದಿನದಲ್ಲೇ ಕೆಲಸವನ್ನೂ ಬಿಟ್ಟರು.

ಹೋದ ಬೇಸಿಗೆಯಲ್ಲಿ ಹೊರನಾಡಿಗೆ ಹೋಗಿದ್ದೆ. ದೇವಸ್ಥಾನದ ಊಟ ಮುಗಿಸಿ ಕೈ ತೊಳೆಯುವಾಗ ಗಿರಿಜಮ್ಮ ಕಂಡರು. ಹಿಂದಿನಿಂದ ಎರಡು ಸಲ ಕರೆದೆ, ತಿರುಗಲಿಲ್ಲ. ಎದುರು ಹೋಗಿ ನಿಂತಾಗ ಮುಖ ಅರಳಿತು. ನಾನು ಮಾತಾಡುವಷ್ಟು ಹೊತ್ತೂ ಅವರ ಕಣ್ಣು ನನ್ನ ತುಟಿಯ ಮೇಲಿತ್ತು. ಅಲ್ಲಿಯೇ ಲಾಡ್ಜೊಂದರಲ್ಲಿ ಕೆಲಸಕ್ಕಿರುವ ಅವರ ಮಗಳು ಜೊತೆಗಿದ್ದಳು. ಅಮ್ಮನ ಕಿವಿ ಪೂರ್ತಿ ಹೋಗಿ ವರ್ಷಗಳೇ ಆದವು ಎಂದಳು. ಕ್ಯೂರಿಂಗಿನಲ್ಲಿದ್ದಾಗಲೇ ಒಂದು ಕಿವಿ ಕೇಳುತ್ತಿರಲಿಲ್ಲ, ಇನ್ನೊಂದೂ ಉಳಿಯುವುದಿಲ್ಲ ಎಂದು ಡಾಕ್ಟರು ಆಗಲೇ ಹೇಳಿದ್ದರು. ಗಿರಿಜಮ್ಮ ತಮ್ಮ ತಾಯಿ ಹಾಡುತ್ತಿದ್ದ ಜೋಗುಳವೊಂದನ್ನು ಅಷ್ಟರೊಳಗೆ ಇನ್ನೊಮ್ಮೆ ಕೇಳಬೇಕೆಂದು ಬಹಳ ಒದ್ದಾಡಿದ್ದರಂತೆ.

ನಾನು ಗಿರಿಜಮ್ಮನಿಗೆ ತುಟಿ ಕಾಣುವಂತೆ ನಿಂತು, ಅವರ ಕ್ಯಾಸೆಟ್ಟಿಗೆ ಬೇರೆ ಹಾಡು ತುಂಬಿಸಿದವನು ನಾನೇ ಎಂದು ಹೇಳಿದೆ.

"ಗೊತ್ತು," ಎಂದರು. "ಹೊಸಾದು ಅಂತ ಮೂಲೆಗೆ ಅರಿಶಿನ ಹಚ್ಚಿ ತಂದಿದ್ದೆ. ಊಟದ ಹೊತ್ತಲ್ಲಿ ನಿಮ್ಮ ಮೇಜಿನ ಮೇಲೆ ನೋಡ್ದೆ, ಅದರ ಮೇಲೆ ನಿಮ್ಮ ಹೆಸರು ಬರ್ದಿತ್ತು."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಈಗ ಹಾಡಿ, ಬಾಯಿ ನೋಡುತ್ತೇನೆ ಎಂದರು. ಕೈ ತೊಳೆಯಲು ನಿಂತಿದ್ದ ಜನರ ನಡುವೆ, ಜೀವಮಾನದಲ್ಲಿ ಮೊದಲ ಸಲ ನಾನು ಹಾಡಿದೆ. ನನ್ನ ಅಪಸ್ವರ ಇವರಿಗೆ ಕೇಳಿಸುವುದಿಲ್ಲವಲ್ಲ ಎಂದು ಧೈರ್ಯ ತಂದುಕೊಂಡೆ. ಹಾಗೆ ಅನ್ನಿಸಿದ್ದಕ್ಕೇ ನಾಚಿಕೆಯಾಯಿತು. ಎರಡನೆಯ ಸಾಲಿಗೆ ಅವರು ಕೈಯೆತ್ತಿ ತಡೆದು, ಒಂದು ಪದ ತಪ್ಪಾಯಿತೆಂದು ತಿದ್ದಿದರು. ಮತ್ತೆ ಮೊದಲಿನಿಂದ ಹಾಡಿದೆ. ಅವರ ತುಟಿಯೂ ಮೆಲ್ಲಗೆ ಆಡುತ್ತಿತ್ತು. ಕಣ್ಣು ಮಾತ್ರ ಮಿಟುಕಿಸಲಿಲ್ಲ. ಕಣ್ಣು ಮುಚ್ಚಿದರೆ ಅವರ ಪಾಲಿಗೆ ಹಾಡು ನಿಂತುಹೋಗುತ್ತಿತ್ತು.

ಮುಗಿದ ಮೇಲೆ ನನ್ನ ತುಟಿಯಿಂದ ಕಣ್ಣು ತೆಗೆದರು.

"ಮಾತೆಲ್ಲ ನೆನಪಿದೆ ರೈಟರ್ರೇ. ಅದರ ರಾಗ ಹೆಂಗಿತ್ತು ಅನ್ನೋದೇ ಹೋಗಿಬಿಟ್ಟಿದೆ. ಆವತ್ತು ಒಂದ್ಸಲ ಕೇಳಿದ್ರೆ ಉಳೀತಿತ್ತೇನೋ."

ಈಗ ತಿಂಗಳಿಗೊಮ್ಮೆ ಅವರನ್ನು ನೋಡಲು ಹೊರನಾಡಿಗೆ ಹೋಗುತ್ತೇನೆ. ಆ ಹಾಡು ಹಾಡಿ ಎಂದು ಅವರು ಮತ್ತೆ ಹೇಳಿಲ್ಲ, ನಾನೂ ಹಾಡಲು ಹೋಗಿಲ್ಲ. ಬೆಳಕು ನನ್ನ ಮುಖದ ಮೇಲೆ ಬೀಳುವಂತೆ ಎದುರು ಕೂತು, ನಿಧಾನವಾಗಿ ಮಾತಾಡುತ್ತೇನೆ.