ಗುಮ್ದಾನಕ್ಕ ಮದುವೆಯ ಹೊದಿಕೆಗೆ ಸೂಜಿ ಹಾಕಿದ್ದು

ನಮ್ಮ ಊರು ತೊಕ್‌ಗೋಲಿನಲ್ಲಿ ಮನೆಯಲ್ಲಿ ಹೆಣ್ಣು ಮಗುವಿದ್ದರೆ ಹೊಲದ ಒಂದು ಮೂಲೆಗೆ ಹತ್ತಿ ಹಾಕುತ್ತಾರೆ. ಅದು ಅವಳ ಮದುವೆಯ ಹೊದಿಕೆಗೆ. ನಮ್ಮ ಪಕ್ಕದ ಮನೆಯ ಹುಡುಗಿ ಜಂಗಿಮಳ ಹತ್ತಿಯನ್ನು ಬಿತ್ತಿದವಳು, ಕಳೆ ಕಿತ್ತವಳು, ಬಿಡಿಸಿ ಬೀಜ ತೆಗೆದವಳು ಅವಳ ದೊಡ್ಡಮ್ಮ ಗುಮ್ದಾನಕ್ಕ. ಆದರೆ ಹೊದಿಕೆ ಹೊಲಿಯುವ ದಿನ ಅವಳು ಅದರ ಹತ್ತಿರ ಬರುವಂತಿರಲಿಲ್ಲ. ಗಂಡ ಬದುಕಿರುವವರು, ಚೊಚ್ಚಲು ಗಂಡು ಹೆತ್ತವರು, ಅಂಥವರೇ ಸೂಜಿ ಹಿಡಿಯಬೇಕು. ಗಂಡನಿಲ್ಲದವಳ ಕೈ ತಗುಲಿದರೆ ಅವಳ ಹಣೆಬರಹ ದಾರದ ಜೊತೆ ಮದುಮಗಳ ಹಾಸಿಗೆಗೆ ಹೋಗುತ್ತದೆ ಎಂದು ನಮ್ಮವರ ನಂಬಿಕೆ. ಕ್ರೈಸ್ತ ಸಭೆಗೆ ಹೋಗದವರು ಮಾತ್ರ ನಂಬಿದ್ದರು ಎಂದುಕೊಳ್ಳಬೇಡಿ. ದೇವಾಲಯದಲ್ಲಿ ಮುಂದಿನ ಸಾಲಿನಲ್ಲಿ ಕೂರುವವರೂ ನಂಬಿದ್ದರು.

ನಾನು ಈ ಊರಿಗೆ ಸೊಸೆಯಾಗಿ ಬಂದಾಗ ಗುಮ್ದಾನಕ್ಕ ಪಕ್ಕದ ಮನೆಯಲ್ಲಿ ಆಗಲೇ ಒಂಟಿ. ಯುದ್ಧದ ವರ್ಷ ಅವಳ ಗಂಡನನ್ನು ಗದ್ದೆಯಿಂದಲೇ ಕರೆದೊಯ್ದಿದ್ದರು. ಕಾಲಿನ ಕೆಸರು ತೊಳೆದುಕೊಳ್ಳಲೂ ಬಿಡಲಿಲ್ಲವಂತೆ. ಯಾವ ಕಡೆಯವರು ಕರೆದೊಯ್ದರು ಎಂದು ನಮ್ಮಲ್ಲಿ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಅವನು ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಆ ಚಳಿಗಾಲದಲ್ಲಿ ಮೊಲೆ ಕುಡಿಯುವ ಕೂಸೂ ಹೋಯಿತು. ಕೂಸಿಗಾಗಿ ಅಳಲು ಕೂತರೆ ಅವಳ ಅತ್ತೆ ಬಿಡಲಿಲ್ಲ. “ನನ್ನ ಮಗ ಬರ್ತಾನೆ. ಅವನು ಬರೋ ದಾರೀಲಿ ಕಣ್ಣೀರು ಚೆಲ್ಬೇಡ” ಎಂದರು. ಗುಮ್ದಾನಕ್ಕ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು ಎದ್ದಳು. ಆಮೇಲೆ ಅವಳು ಅತ್ತದ್ದನ್ನು ಯಾರೂ ಕಾಣಲಿಲ್ಲ.

ಕೆಲವು ವರ್ಷಕ್ಕೆ ಮೈದುನನ ಹೆಂಡತಿ ಜಂಗಿಮಳನ್ನು ಹೆತ್ತು ಕಣ್ಣು ಮುಚ್ಚಿದಳು. ಮಗು ಗುಮ್ದಾನಕ್ಕನ ಬೆನ್ನಿಗೆ ಬಂತು. ಅಕ್ಕಿಯ ಗಂಜಿತಿಳಿಯಲ್ಲಿ ಬೆಳೆಸಿದಳು. ಅತ್ತೆಯ ನಾಲಿಗೆ ಮಾತ್ರ ಬದಲಾಗಲಿಲ್ಲ. “ಭಾಗ್ಯಗೇಡಿ ಹೊಸ್ತಿಲು ತುಳಿದ್ಲು, ಒಬ್ಬೊಬ್ರೇ ಹೋದ್ರು” ಎಂದು ಬಾವಿಕಟ್ಟೆಯಲ್ಲಿ ನಮ್ಮೆಲ್ಲರ ಮುಂದೆ ಹೇಳುತ್ತಿದ್ದರು. ಗುಮ್ದಾನಕ್ಕ ಕೊಡ ತಲೆಗಿಟ್ಟುಕೊಂಡು ಹೋಗುತ್ತಿದ್ದಳು.

ಸಭೆಯ ಪ್ಯೊ ಅಮ್ಮನವರು ಊರೂರು ನಡೆದು ಹೆಂಗಸರಿಗೆ ಪಾಠ ಹೇಳುತ್ತಿದ್ದರು. ಅಕ್ಕ ಮತ್ತು ನಾನು ಅಕ್ಷರ ಕಲಿತದ್ದು ಅವರಿಂದಲೇ. ಯೇಸು ಬೆಟ್ಟದ ಮೇಲೆ ಕೂತು ಯಾರು ಯಾರು ಧನ್ಯರು ಎಂದು ಹೇಳಿದ ಎಂಟು ಮಾತುಗಳೇ ನಮಗೆ ಅಕ್ಷರಮಾಲೆ. ಕೊಯ್ಲು ಮುಗಿದ ಮೇಲೆ ನೆಲದಡಿ ಒಲೆಯ ಬಿಸಿ ಹಾಯಿಸಿ ಕೋಣೆ ಬೆಚ್ಚಗೆ ಮಾಡಿ ಕೂರಿಸಿ ಓದಿಸುತ್ತಿದ್ದರು.

“ಇವು ಎಂಟು ಮೂಟೆ ಅಲ್ಲ ಕಣ್ರಮ್ಮ, ಒಟ್ಟಿಗೆ ಬೆನ್ನಿಗೆ ಹೇರ್ಕೊಳ್ಳೋಕೆ. ಎಂಟು ಮೆಟ್ಟಿಲು. ಒಂದು ಹತ್ತಿದ್ರೆ ಇನ್ನೊಂದು ಕಾಣುತ್ತೆ” ಎಂದರು.

“ಮೊದಲ್ನೇದು ನಂಗೆ ಸಲೀಸು ಅಮ್ಮ. ಬಡವರು ಧನ್ಯರು ಅಂತಾರಲ್ಲ, ನಮ್ಮ ಅಕ್ಕಿ ಮಡಕೆ ಬಂದು ನೋಡಿ” ಎಂದಳು ಗುಮ್ದಾನಕ್ಕ.

“ಮಡಕೆ ವಿಷಯ ಅಲ್ಲ ಕಣೆ. ಒಳಗೆ ಬಡವರಾಗೋದು. ನಂದೇನೂ ಇಲ್ಲ ಅಂತ ದೇವರ ಮುಂದೆ ಬರಿಗೈಲಿ ನಿಲ್ಲೋದು.”

“ಅಲ್ಲೂ ಏನೂ ಇಲ್ಲ, ಬಿಡಿ. ಇಲಿ ಬಂದ್ರೂ ಹಸ್ಕೊಂಡೇ ಹೋಗ್ಬೇಕು.”

ನಾವೆಲ್ಲ ನಕ್ಕೆವು. ಆದರೆ ಎರಡನೆಯ ಮಾತು ಬಂದಾಗ ಅಕ್ಕನ ಬೆರಳು ಆ ಸಾಲನ್ನು ದಾಟಿ ಮೂರನೆಯದಕ್ಕೆ ಹೋಯಿತು. ದುಃಖಪಡುವವರು ಧನ್ಯರು, ಅವರಿಗೆ ಸಮಾಧಾನ ಸಿಗುವುದು ಎಂಬ ಮಾತು ಅದು. ಪ್ಯೊ ಅಮ್ಮ ನೋಡಿದರು, ಮುಂದಿನ ಸಾಲು ಓದಿಸಿದರು. ಎಷ್ಟು ಚಳಿಗಾಲ ಓದಿದರೂ ಅಕ್ಕ ಅಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಮಿಕ್ಕ ಮೆಟ್ಟಿಲುಗಳಿಗೆ ಅವಳು ಕಾಲಿಡದೆ ಇರಲಿಲ್ಲ. ಸಾತ್ವಿಕರು ಭೂಮಿಗೆ ಬಾಧ್ಯರು ಎಂಬುದನ್ನು ಓದಿದ ಮೇಲೆ, ವಸಂತದಲ್ಲಿ ಬದುವನ್ನು ತನ್ನ ಕಡೆಯಿಂದ ಕೆತ್ತಿ ಇವಳ ಕಡೆಗೆ ತಳ್ಳುತ್ತಿದ್ದ ಮೇಲಿನ ಗದ್ದೆಯವನ ಜೊತೆ ಜಗಳಕ್ಕೆ ಹೋಗುವುದನ್ನು ಬಿಟ್ಟಳು. ಅವನು ತಳ್ಳಿದ ಬದುವಿನ ಮೇಲೇ ಸೋಯಾ ಅವರೆ ಹಾಕಿ, ಬೆಳೆದದ್ದರಲ್ಲಿ ಅರ್ಧ ಅವನ ಮನೆಗೆ ಕಳಿಸಿದಳು. ಹೀಗೇ ನಡೆಯಿತು. ಒಂದು ವಸಂತದಲ್ಲಿ ಅವನೇ ಗುದ್ದಲಿ ತಂದು ಬದುವನ್ನು ಹಿಂದಕ್ಕೆ ಎಳೆದುಕೊಂಡ. “ಭೂಮಿಯೆಲ್ಲ ಸಿಗುತ್ತೆ ಅಂದಿದ್ರು, ಒಂದು ಗೇಣು ಬಂತು. ಶುರುವಾಯ್ತಲ್ಲ” ಎಂದು ಅಕ್ಕ ನಗುತ್ತಿದ್ದಳು. ಅತ್ತೆ ಬಿದ್ದು ಸೊಂಟ ಮುರಿದುಕೊಂಡಾಗ ಮೈ ತೊಳೆದು, ಬಗಲಿಗೆ ಕೈ ಕೊಟ್ಟು ಕೂರಿಸಿ, ಅನ್ನ ಕಲಸಿ ತಿನ್ನಿಸಿದವಳೂ ಅವಳೇ. ಬೈಗುಳಕ್ಕೆ ಮಾತ್ರ ಸೊಂಟವಿಲ್ಲವಲ್ಲ, ಅದು ಓಡಾಡುತ್ತಲೇ ಇತ್ತು.

ಜಂಗಿಮಳಿಗೆ ಯಂಗ್‌ಗ್ವಾಂಗಿನ ಕಡೆಯ ಸಂಬಂಧ ಗಟ್ಟಿಯಾಯಿತು. ಹೊದಿಕೆ ಹೊಲಿಯುವ ದಿನ ನಾಲ್ವರು ಮುತ್ತೈದೆಯರನ್ನು ಕರೆದರು. ಸಭೆಯ ಹಿರಿಯರ ಹೆಂಡತಿ, ನಾಜುವಿನಿಂದ ಬಂದ ಸೊಸೆ, ಗಿರಣಿ ಮನೆಯ ಸೊಸೆ, ನಾನು. ನನ್ನ ಗಂಡ ಆಗ ಇದ್ದರು. ಅತ್ತೆಯನ್ನು ಒಲೆಯ ಕಡೆಯ ಬೆಚ್ಚಗಿನ ಜಾಗದಲ್ಲಿ ದಿಂಬು ಕೊಟ್ಟು ಕೂರಿಸಿದ್ದರು. ಕೆಂಪು ರೇಷ್ಮೆಗೆ ಹಸಿರು ಅಂಚು, ಕೆಳಗೆ ಗಂಜಿ ಹಾಕಿ ಬಡಿದು ನುಣುಪು ಮಾಡಿದ ಬಿಳಿ ಬಟ್ಟೆ, ನಡುವೆ ಅಕ್ಕನ ಹತ್ತಿ. ಅಕ್ಕ ಅಡುಗೆಮನೆಯಲ್ಲಿ ನಮಗೆಲ್ಲ ನೂಡಲ್ಸ್ ಬೇಯಿಸುತ್ತಿದ್ದಳು. ನಡುವಿನ ಬಾಗಿಲು ತೆರೆದಿತ್ತು.

ನಾವು ದಾರ ಪೋಣಿಸುವಷ್ಟರಲ್ಲಿ ಜಂಗಿಮ್ ಬಂದು ಹೊದಿಕೆಯ ಮೇಲೆಯೇ ಕೂತಳು.

“ದೊಡ್ಡಮ್ಮ ಹೊಲಿಗೆ ಹಾಕ್ದೆ ಈ ಹೊದಿಕೆ ನಾನು ತಗೊಂಡ್ ಹೋಗಲ್ಲ.”

“ಏಳೇ ಕತ್ತೆ” ಎಂದರು ಅಜ್ಜಿ ದಿಂಬಿನಿಂದಲೇ. “ಅವಳ ಹಣೆಬರಹ ನಿಂಗೂ ಬೇಕಾ?”

“ನನ್ನನ್ನ ಬೆನ್ನಿಗೆ ಕಟ್ಕೊಂಡ್ ಸಾಕುವಾಗ ಅವಳ ಹಣೆಬರಹ ಅಂಟ್ಕೊಳ್ಳಿಲ್ವಾ, ಈಗ ದಾರದಲ್ಲಿ ಅಂಟ್ಕೊಳ್ಳುತ್ತಾ?”

ಅಡುಗೆಮನೆಯಿಂದ ಅಕ್ಕನ ದನಿ ಬಂತು. “ಅತ್ತೆ ಹೇಳೋದು ಸರಿ ಕಣೆ ಜಂಗಿಮಾ. ನನ್ನ ಕೈ ಬೇಡ. ನಾನು ಮುಟ್ಟಿದ್ದು ಯಾವ್ದು ಉಳೀತು? ನೀನೊಬ್ಳು ಉಳ್ದಿದೀಯ. ನಿನ್ನನ್ನ ಪಣಕ್ಕಿಟ್ಟು ನಾನು ಜೂಜಾಡಲ್ಲ.”

ನಮಗೆ ಆಗ ಗೊತ್ತಾಯಿತು. ಅತ್ತೆ ಇಷ್ಟು ವರ್ಷ ಹೇಳಿದ್ದನ್ನು ಅಕ್ಕ ಕೊಡದ ಜೊತೆ ತಲೆಯ ಮೇಲೆ ಹೊತ್ತುಕೊಂಡೇ ಬಂದಿದ್ದಳು. ಅವಳು ನಂಬಿದ್ದಳು. ಜಂಗಿಮಳ ಮುಖ ಬಾಡಿತು. ಅಜ್ಜಿಯ ಜೊತೆ ಜಗಳವಾಡಿ ಗೆಲ್ಲಬಹುದು, ದೊಡ್ಡಮ್ಮನ ಭಯವನ್ನು ಹೇಗೆ ಗೆಲ್ಲುವುದು?

ನಾಜುವಿನವಳು ತನ್ನ ಸೂಜಿಯನ್ನು ಬಟ್ಟೆಗೆ ಚುಚ್ಚಿ ಕೈ ಹಿಂದಕ್ಕೆ ತೆಗೆದಳು.

“ಹಂಗಾದ್ರೆ ನನ್ನ ಕೈನೂ ಬೇಡ. ನಮ್ಮೋರು ಬದುಕಿದ್ದಾರೆ, ನಿಜ. ಗ್ವಾಂಗ್ಜುನಲ್ಲಿ ಇನ್ನೊಬ್ಳ ಮನೇಲಿ ಬದುಕಿದ್ದಾರೆ. ಕೆಲ್ಸಕ್ಕೆ ಹೋಗಿದ್ದಾರೆ ಅಂತ ನಿಮ್ಗೆಲ್ಲ ಹೇಳಿದ್ದೆ, ನೀವೂ ನಂಬಿದಂಗೆ ಮಾಡಿದ್ರಿ.”

ಹಿರಿಯರ ಹೆಂಡತಿಯೂ ಸೂಜಿ ಕೆಳಗಿಟ್ಟರು.

“ನಮ್ಮ ದೊಡ್ಡವನು ಚೊಚ್ಚಲಲ್ಲ. ಅವನ ಮುಂಚೆ ಒಂದು ಹೆಣ್ಣಿತ್ತು. ದಡಾರದಲ್ಲಿ ಹೋಯ್ತು. ಈ ಊರಿಗೆ ಬಂದ್ಮೇಲೆ ಅದರ ಹೆಸರೂ ಎತ್ಲಿಲ್ಲ ನಾನು.”

ನನ್ನ ಗಂಡ ಆ ಚಳಿಗಾಲ ರಕ್ತ ಕೆಮ್ಮುತ್ತಿದ್ದರು. ಅದನ್ನು ನಾನೂ ಹೇಳಿದೆ. ಗಿರಣಿ ಮನೆಯ ಸೊಸೆಗೆ ಹೇಳಲು ಏನೂ ಇರಲಿಲ್ಲ, ಪಾಪ. “ನಂಗೆ ಎಲ್ಲಾ ಚೆನ್ನಾಗೇ ಇದೆ. ಆದ್ರೆ ಒಬ್ಳೇ ಇಷ್ಟು ದೊಡ್ಡ ಹೊದಿಕೆ ಹೊಲಿಯಕ್ಕಾಗುತ್ತಾ?” ಎಂದಳು.

ಅಜ್ಜಿ ಸಿಡುಕಿದರು. “ಹಂಗಾದ್ರೆ ಇಡೀ ಊರಲ್ಲಿ ಭಾಗ್ಯವಂತರು ಇವಳೊಬ್ಳೇ ಏನ್ರೇ?”

“ಇನ್ನೂ ಇದ್ದಾರೆ ಅಜ್ಜಿ” ಎಂದರು ಹಿರಿಯರ ಹೆಂಡತಿ. “ಯಾರು ಧನ್ಯರು ಅಂತ ಬಾಯಿಪಾಠ ಒಪ್ಪಿಸ್ತೀವಲ್ಲ. ನೀವೂ ಒಪ್ಪಿಸ್ತೀರಿ. ಅದ್ರಲ್ಲಿ ಗಂಡ ಬದುಕಿರೋರು ಅಂತ ಎಲ್ಲೂ ಇಲ್ಲ. ಗಂಡು ಹೆತ್ತೋರು ಅಂತಾನೂ ಇಲ್ಲ. ದುಃಖಪಡೋರು ಅಂತ ಇದೆ.”

ಗುಮ್ದಾನಕ್ಕ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದಳು. “ನಾನು ದುಃಖಪಟ್ಟಿಲ್ಲ ಅಮ್ಮಾ” ಎಂದಳು ಮೆಲ್ಲಗೆ. “ನಂಗೆ ಅಪ್ಪಣೆ ಇರ್ಲಿಲ್ಲ.”

ಎಲ್ಲರೂ ಅತ್ತೆಯ ಕಡೆ ನೋಡಿದೆವು. ಮುದುಕಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದರು. ಅವರ ಮಗನಿಗಾಗಿ ಅವರೂ ಅತ್ತಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆಗಲೇ. ಗೋಡೆಗೇ ಹೇಳುವಂತೆ ಹೇಳಿದರು:

“ಅಳು ಗುಮ್ದಾನ್. ಅವನು ಬರಲ್ಲ. ನಂಗೆ ಗೊತ್ತು, ಬಾಳ ಹಿಂದೇನೇ ಗೊತ್ತು.”

ಅಕ್ಕ ಹೊಸ್ತಿಲ ಮೇಲೆ ಕುಸಿದಳು. ಮೊದಲು ಕೂಸಿನ ಹೆಸರು ಹಿಡಿದು ಅತ್ತಳು, ಆಮೇಲೆ ಗಂಡನದು. ಮುದುಕಿಯೂ ಅತ್ತರು. ಯಾರೂ ಯಾರನ್ನೂ ಸುಮ್ಮನಾಗಿಸಲಿಲ್ಲ. ನೂಡಲ್ಸ್ ಬೆಂದು ಬೆಂದು ಅಂಬಲಿಯಾಯಿತು, ಅದನ್ನೇ ಕಿಮ್ಚಿ ಉಪ್ಪಿನಕಾಯಿ ಹಾಕಿಕೊಂಡು ಉಂಡೆವು. ಊಟವಾದ ಮೇಲೆ ಅಕ್ಕ ಮುಖ ತೊಳೆದು, ಕೈ ಒರೆಸಿ, ಹೊದಿಕೆಯ ನಡುಭಾಗದಲ್ಲಿ ಕೂತಳು. ಜಂಗಿಮ್ ದಾರ ಪೋಣಿಸಿ ಕೊಟ್ಟಳು. ಅಕ್ಕ ಮೊದಲ ಹೊಲಿಗೆ ಹಾಕಿದಳು. ನಾವೂ ನಮ್ಮ ನಮ್ಮ ಮೂಲೆ ಹಿಡಿದೆವು.

“ನಂಗೂ ಒಂದು ಸೂಜಿ ಕೊಡಿ. ಕಣ್ಣು ಕಾಣಲ್ಲ, ವಕ್ರ ಹೋದ್ರೆ ಬೈಬೇಡಿ” ಎಂದರು ಮುದುಕಿ.

“ಬೈಯೋದು ನಿಮ್ಮ ಇಲಾಖೆ, ಅತ್ತೆ” ಎಂದಳು ಗುಮ್ದಾನಕ್ಕ. ಆ ದಿನ ಅವಳು ನಕ್ಕದ್ದು ಆಗಲೇ.

ಜಂಗಿಮಳ ಬಾಳು ಹೊದಿಕೆಯಿಂದ ಕೆಡಲಿಲ್ಲ. ಹೊದಿಕೆಯಿಂದ ಬಂಗಾರವೂ ಆಗಲಿಲ್ಲ. ಎಲ್ಲರ ಹಾಗೆ ಬಾಳಿದಳು. ಗಂಡನ ಜೊತೆ ಜಗಳವಾಡಿ ಇಲ್ಲಿಗೆ ಓಡಿಬಂದದ್ದೂ ಉಂಟು. ಊರಿನ ಕೆಲವು ಮನೆಯವರು ಆಮೇಲೆ ಮದುವೆಗೆ ಗುಮ್ದಾನಕ್ಕನನ್ನು ಕರೆದರು, ಕೆಲವರು ಕರೆಯಲಿಲ್ಲ. ಕರೆಯದವರ ಮನೆಗೂ ಅವಳು ಹಿಂಜಿದ ಹತ್ತಿ ಕಳಿಸಿದಳು. ಉಳಿದ ಮೆಟ್ಟಿಲುಗಳನ್ನು ಅವಳು ಓಡಿ ಹತ್ತಿದಳು ಎಂದು ನಾನು ಹೇಳಲಾರೆ. ಆದರೆ ದೇವರು ದಾರಿ ತೋರಿಸುವುದು ಈ ಎಂಟು ಮಾತುಗಳಲ್ಲೇ ಎಂಬುದರಲ್ಲಿ ನನಗೆ ಸಂಶಯವಿಲ್ಲ, ಏಕೆಂದರೆ ಒಬ್ಬಳು ನಡೆದದ್ದನ್ನು ನಾನು ಪಕ್ಕದ ಮನೆಯಿಂದ ನೋಡಿದ್ದೇನೆ.

ನನ್ನ ಗಂಡ ತೀರಿಕೊಂಡ ದಿನ ಸಭೆಯವರೆಲ್ಲ ಬಂದರು. ಧೈರ್ಯ ತಂದುಕೋ, ಮಕ್ಕಳ ಮುಖ ನೋಡು, ಪರಲೋಕದಲ್ಲಿ ಸಿಗುತ್ತಾರೆ ಎಂದರು. ಎಲ್ಲ ನಿಜವಾದ ಮಾತೇ. ಗುಮ್ದಾನಕ್ಕ ಬಂದವಳು ತೋಳು ಮೇಲಕ್ಕೆ ಮಡಚಿ ನನ್ನ ಒಲೆಯ ಮುಂದೆ ಕೂತಳು.

“ನೀನು ಅಳು ತಂಗಿ. ಎಷ್ಟು ದಿನ ಬೇಕೋ ಅಷ್ಟು ದಿನ. ಅನ್ನ ನಾನು ಮಾಡ್ತೀನಿ” ಎಂದಳು.